ದೊಡ್ಡ ಪ್ಯಾನೆಲ್ ಹಾಕಿದರೂ ಬ್ಯಾಟರಿ ತುಂಬದು, ಏಕೆ?

ಸೋಲಾರ್ ಪ್ಯಾನೆಲ್ ಈಗ ಮೊದಲಿನಷ್ಟು ದುಬಾರಿ ಅಲ್ಲ. ಹತ್ತಿರದ ಪೇಟೆಯಲ್ಲೇ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ. ತೋಟದ ಮನೆಗೆ ನಾಲ್ಕು ದೀಪ, ಕಾಡುಹಂದಿಗೆ ಬೇಲಿ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಹೋದಾಗ ಮೊಬೈಲ್ ಚಾರ್ಜಿಗೆ ಅಂತ ಹೆಚ್ಚಿನವರು ಹಾಕಿಸಿಕೊಂಡಿದ್ದಾರೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ಬರುವ ದೂರು ಎಲ್ಲ ಕಡೆಯೂ ಒಂದೇ: "ಪ್ಯಾನೆಲ್ ದೊಡ್ಡದೇ ಇದೆ, ಬಿಸಿಲೂ ಇದೆ, ಬ್ಯಾಟರಿ ಮಾತ್ರ ನಿಲ್ಲೋದಿಲ್ಲ."

ನಾನು ಮಲೆನಾಡಿನ ಅಡಿಕೆ ಬೆಳೆಗಾರ. ಜೊತೆಗೆ ಸುತ್ತಲಿನ ಹಳ್ಳಿಗಳಲ್ಲಿ ಸೋಲಾರ್ ಜೋಡಣೆ, ರಿಪೇರಿ ಕೆಲಸ ಮಾಡಿಕೊಡುತ್ತೇನೆ. ನಾನು ನೋಡಿದ ಹಾಳಾದ ಬ್ಯಾಟರಿಗಳಲ್ಲಿ ಬಹುಪಾಲು ಕಳಪೆ ಮಾಲು ಆಗಿರಲಿಲ್ಲ. ಪ್ಯಾನೆಲ್ ಸರಿ ಇತ್ತು, ಬ್ಯಾಟರಿ ಸರಿ ಇತ್ತು, ನಡುವಿನ ಕಂಟ್ರೋಲರೂ ಸರಿ ಇತ್ತು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೂರಕ್ಕೂ ಜೋಡಿ ಕೂಡಿರಲಿಲ್ಲ. ಈ ವಾರ ಆ ಜೋಡಿಯ ಲೆಕ್ಕವನ್ನೇ ನೋಡೋಣ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

335 ವ್ಯಾಟ್ ಎಲ್ಲಿಗೆ ಹೋಯಿತು?

ನಮ್ಮ ಪಕ್ಕದ ಊರಿನ ಕೃಷಿಕರೊಬ್ಬರ ಮನೆ ವಿದ್ಯುತ್ ಲೈನಿನ ಕಟ್ಟಕಡೆಯಲ್ಲಿದೆ. ಅವರ ಹತ್ತಿರ 335 ವ್ಯಾಟಿನ ಒಂದು ಪ್ಯಾನೆಲ್, 12 ವೋಲ್ಟ್ 150 ಎ.ಎಚ್. ಟ್ಯೂಬುಲರ್ ಬ್ಯಾಟರಿ, 20 ಆಂಪಿಯರಿನ ಪಿಡಬ್ಲ್ಯುಎಂ ಕಂಟ್ರೋಲರ್ ಇತ್ತು. ಎರಡೇ ವರ್ಷಕ್ಕೆ ಬ್ಯಾಟರಿ ಕೈಕೊಟ್ಟಿತು. ಭತ್ತದ ತೆನೆ ಬಾಗಿದ್ದ ಹೊತ್ತು. ರಾತ್ರಿ ಬ್ಯಾಟರಿ ಇಳಿದು ಬೇಲಿ ಸತ್ತಾಗ ಹಂದಿಗಳು ನುಗ್ಗಿ ಗದ್ದೆ ಹೊರಳಾಡಿ ಹೋಗಿದ್ದವು. "ಅಂಗಡಿಯವ್ರು 335 ವ್ಯಾಟ್ ಅಂತ ಹೇಳಿ ದುಡ್ಡು ತಗೊಂಡ್ರು. ಆ ವ್ಯಾಟೆಲ್ಲ ಎಲ್ಲಿಗೆ ಹೋತು ಮಾರಾಯ್ರೆ?" ಅಂತ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಮಧ್ಯಾಹ್ನದ ಬಿಸಿಲಲ್ಲಿ ಮೀಟರ್ ಹಿಡಿದೆ. ಬ್ಯಾಟರಿಗೆ ಹೋಗುತ್ತಿದ್ದದ್ದು ಸುಮಾರು 9 ಆಂಪಿಯರ್. 13 ವೋಲ್ಟಿಗೆ 9 ಆಂಪಿಯರ್ ಅಂದರೆ 117 ವ್ಯಾಟ್. 335ರಲ್ಲಿ ಮೂರನೇ ಒಂದು ಪಾಲು ಅಷ್ಟೇ! ಯಾವ ಸಾಮಾನೂ ಕೆಟ್ಟಿರಲಿಲ್ಲ.

ಕಾರಣ ಇಷ್ಟು. ಆ ಪ್ಯಾನೆಲ್‌ನಲ್ಲಿ 72 ಸೆಲ್ ಇವೆ. ಅದು ತನ್ನ ಪೂರ್ತಿ ಶಕ್ತಿ ಕೊಡುವುದು ಸುಮಾರು 37 ವೋಲ್ಟಿನಲ್ಲಿ, 9 ಆಂಪಿಯರ್ ಹರಿಯುವಾಗ. ಪಿಡಬ್ಲ್ಯುಎಂ ಅನ್ನುವುದು ವೇಗವಾಗಿ ಹಾಕಿ ತೆಗೆಯುವ ಸ್ವಿಚ್ಚು ಮಾತ್ರ. ಅದು ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಸೇರಿಸುತ್ತದೆ. ಆಗ ಪ್ಯಾನೆಲ್ಲಿನ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಆಂಪಿಯರ್ ಇದ್ದಷ್ಟೇ ಇರುತ್ತದೆ, ಉಳಿದ ವೋಲ್ಟು ಯಾರಿಗೂ ಸಿಗುವುದಿಲ್ಲ.

ಎಂಪಿಪಿಟಿ ಕಂಟ್ರೋಲರ್ ಹಾಗಲ್ಲ. ಟಿಲ್ಲರಿನ ಗೇರಿನಂತೆ ಅದು ಹೆಚ್ಚಿನ ವೋಲ್ಟನ್ನು ಕಡಿಮೆ ಮಾಡಿ, ಅದಕ್ಕೆ ತಕ್ಕ ಹಾಗೆ ಆಂಪಿಯರನ್ನು ಹೆಚ್ಚಿಸುತ್ತದೆ. ಅದೇ ಪ್ಯಾನೆಲ್ಲಿಗೆ 30 ಆಂಪಿಯರಿನ ಎಂಪಿಪಿಟಿ ಕೂರಿಸಿದ ಮೇಲೆ ಮಧ್ಯಾಹ್ನ ಬ್ಯಾಟರಿಗೆ 20 ಆಂಪಿಯರ್ ಹತ್ತಿರ ಹೋಗತೊಡಗಿತು. ಪ್ಯಾನೆಲ್ ಅದೇ, ಬಿಸಿಲೂ ಅದೇ.

ಮೊದಲು ಖರ್ಚಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಸೋಲಾರಿನಲ್ಲಿ ಮೊದಲು ಕಾಲು ಎಷ್ಟುದ್ದ ಅಂತ ಅಳೆದು ಆಮೇಲೆ ಹಾಸಿಗೆ ಕೊಳ್ಳಬೇಕು. ಆ ಮನೆಯ ದಿನದ ಖರ್ಚು ಹೀಗಿತ್ತು:

- 9 ವ್ಯಾಟಿನ 6 ಎಲ್‌ಇಡಿ ಬಲ್ಬ್, 5 ಗಂಟೆ: 270 ವ್ಯಾಟ್-ಅವರ್
- 28 ವ್ಯಾಟಿನ ಒಂದು ಬಿಎಲ್‌ಡಿಸಿ ಫ್ಯಾನ್, 8 ಗಂಟೆ: 224
- ಬೇಲಿಯ ಝಟ್ಕಾ ಯಂತ್ರ, 12 ವೋಲ್ಟಿನಲ್ಲಿ ಅರ್ಧ ಆಂಪಿಯರ್, 24 ಗಂಟೆ: 144
- ವೈಫೈ ರೂಟರ್, ಮೊಬೈಲ್ ಸೇರಿ 12 ವ್ಯಾಟ್, 10 ಗಂಟೆ: 120

ಒಟ್ಟು 758. ಬೇಲಿ ಯಂತ್ರ ಎಷ್ಟು ಎಳೆಯುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ನಿಮ್ಮದರ ಮೇಲಿನ ಚೀಟಿ ನೋಡಿಕೊಳ್ಳಿ.

ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಬರುವುದಿಲ್ಲ, ಇನ್‌ವರ್ಟರೂ ತನ್ನ ಪಾಲು ತಿನ್ನುತ್ತದೆ. ಹಾಗಾಗಿ ನಾನು ಖರ್ಚನ್ನು 0.75ರಿಂದ ಭಾಗಿಸುತ್ತೇನೆ. 758ಕ್ಕೆ ಸುಮಾರು 1,010 ಆಯಿತು. ದಿನಕ್ಕೆ ಪ್ಯಾನೆಲ್ ಇಷ್ಟು ದುಡಿಯಬೇಕು.

ಇನ್ನು ದುಡಿಮೆ. ಧೂಳು, ಬಿಸಿ ಎಲ್ಲ ಕಳೆದು 335ರಲ್ಲಿ ಶೇ. 80 ಸಿಕ್ಕರೆ 268 ವ್ಯಾಟ್. ಒಳ್ಳೆಯ ಬಿಸಿಲಿನ ದಿನಕ್ಕೆ ಪೂರ್ಣ ಬಿಸಿಲಿನ 5 ಗಂಟೆ ಅಂತ ಹಿಡಿದರೆ 1,340 ವ್ಯಾಟ್-ಅವರ್. ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಆದರೆ ಪಿಡಬ್ಲ್ಯುಎಂ ಇದ್ದಾಗ ಸಿಗುತ್ತಿದ್ದದ್ದು 117ಕ್ಕೆ 5 ಗುಣಿಸಿದರೆ 585. ದಿನವೂ 400ಕ್ಕಿಂತ ಹೆಚ್ಚು ಕೊರತೆ. ಲೆಡ್-ಆಸಿಡ್ ಬ್ಯಾಟರಿ ಎಂದೂ ಪೂರ್ತಿ ತುಂಬದೆ ಅರೆಹೊಟ್ಟೆಯಲ್ಲೇ ಉಳಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಆ ಬ್ಯಾಟರಿ ಎರಡು ವರ್ಷಕ್ಕೆ ಸತ್ತದ್ದು ಹೀಗೆ. ಕಂಟ್ರೋಲರ್ ಬದಲಾಯಿಸದೆ ಹೊಸ ಬ್ಯಾಟರಿ ತಂದಿದ್ದರೆ ಅದಕ್ಕೂ ಇದೇ ಗತಿ.

ಮಳೆಗಾಲದ ಲೆಕ್ಕ ಬೇರೆ ಮಾಡಬೇಕು. ಬಿಸಿಲನ್ನು ಅರ್ಧಕ್ಕೆ, ಅಂದರೆ 2.5 ಗಂಟೆಗೆ ಇಳಿಸಿ ನೋಡಿ. ದುಡಿಮೆ 670. ಮಲೆನಾಡಲ್ಲಿ ಆಗ ಫ್ಯಾನು ಯಾರಿಗೂ ಬೇಡ. 224 ಉಳಿದು ಖರ್ಚು 534ಕ್ಕೆ ಇಳಿಯುತ್ತದೆ. ಅದನ್ನು 0.75ರಿಂದ ಭಾಗಿಸಿದರೆ 712. ಅಂತೂ ಸ್ವಲ್ಪ ಕಡಿಮೆ. ಒಂದೆರಡು ಬಲ್ಬ್ ಬೇಗ ಆರಿಸಿದರೆ ಹೊಂದುತ್ತದೆ.

ಬ್ಯಾಟರಿಯಲ್ಲಿ ನಿಜವಾಗಿ ಎಷ್ಟಿದೆ?

12 ವೋಲ್ಟ್ 150 ಎ.ಎಚ್. ಅಂದರೆ 1,800 ವ್ಯಾಟ್-ಅವರ್. ಇದನ್ನು ಪೂರ್ತಿ ಖಾಲಿ ಮಾಡಬಾರದು. ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧದವರೆಗೆ ಬಳಸಿದರೆ ಹೆಚ್ಚು ವರ್ಷ ಬಾಳುತ್ತದೆ. ಅಂದರೆ ಕೈಗೆ ಸಿಗುವುದು 900. ಈ ಮನೆಗೆ ಒಂದು ದಿನಕ್ಕೆ ಸಾಕು, ಬಿಸಿಲಿಲ್ಲದ ಎರಡು ದಿನಕ್ಕೆ ಸಾಲದು.

ಬ್ಯಾಟರಿ ಕೊಳ್ಳುವಾಗ ಸಿ10 ಎಂದು ಬರೆದದ್ದನ್ನೇ ಕೇಳಿ. 150 ಎ.ಎಚ್. ಸಿ10 ಅಂದರೆ 15 ಆಂಪಿಯರಿನಂತೆ 10 ಗಂಟೆ ಕೊಡುತ್ತದೆ ಅಂತ ಅರ್ಥ. ಸಿ20 ಅಂತ ಇದ್ದರೆ 7.5 ಆಂಪಿಯರಿನಂತೆ 20 ಗಂಟೆ. ನಿಧಾನವಾಗಿ ತೆಗೆದಾಗ ಬ್ಯಾಟರಿ ಹೆಚ್ಚು ಕೊಡುವುದರಿಂದ, ಸಿ20ಯಲ್ಲಿ 150 ಅಂತ ಬರೆದ ಬ್ಯಾಟರಿ ಸಿ10 ಲೆಕ್ಕದಲ್ಲಿ ಅದಕ್ಕಿಂತ ಚಿಕ್ಕದು. ಬೆಲೆ ಹೋಲಿಸುವಾಗ ಇದು ಗೊತ್ತಿರಲಿ.

ಚಾರ್ಜ್ ಮಾಡುವ ಕರೆಂಟಿಗೂ ಅಳತೆ ಇದೆ. ಟ್ಯೂಬುಲರ್ ಬ್ಯಾಟರಿಗೆ ಅದರ ಎ.ಎಚ್.ನ ಹತ್ತನೇ ಒಂದು ಪಾಲು ಹಿತವಾದದ್ದು. 150ಕ್ಕೆ 15 ಆಂಪಿಯರ್. 20 ಆಂಪಿಯರ್ ಹೋದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕಂಪನಿಯ ಪುಸ್ತಕದಲ್ಲಿ ಗರಿಷ್ಠ ಎಷ್ಟು ಅಂತ ಇರುತ್ತದೆ, ನೋಡಿ. ಕಂಟ್ರೋಲರಿನಲ್ಲಿ ಮಿತಿ ಹಾಕುವ ಸೌಲಭ್ಯ ಇದ್ದರೆ ಹಾಕಿಬಿಡಿ. ಸಣ್ಣ ಬ್ಯಾಟರಿಗೆ ಭಾರಿ ಪ್ಯಾನೆಲ್ ಕಟ್ಟಿದರೆ ನೀರು ಕುದಿದು ಆರುತ್ತದೆ, ದೊಡ್ಡ ಬ್ಯಾಟರಿಗೆ ಚಿಕ್ಕ ಪ್ಯಾನೆಲ್ ಕಟ್ಟಿದರೆ ಹೊಟ್ಟೆ ತುಂಬುವುದಿಲ್ಲ.

ಪಿಡಬ್ಲ್ಯುಎಂ ಕೆಟ್ಟದ್ದೇನಲ್ಲ

ಎಲ್ಲರೂ ಎಂಪಿಪಿಟಿಯೇ ತರಬೇಕು ಅಂತ ನಾನು ಹೇಳುವುದಿಲ್ಲ. ಅದರ ಬೆಲೆ ಪಿಡಬ್ಲ್ಯುಎಂಗಿಂತ ಹಲವು ಪಟ್ಟು. ಸಣ್ಣ ಜೋಡಣೆಗೆ ಪಿಡಬ್ಲ್ಯುಎಂ ಸಾಕು, ಸರಿಯಾದ ಪ್ಯಾನೆಲ್ ಹೊಂದಿಸಿದರೆ ಆಯಿತು.

12 ವೋಲ್ಟಿನ ಬ್ಯಾಟರಿಗೆ 36 ಸೆಲ್ಲಿನ ಪ್ಯಾನೆಲ್. ಇದರ ಕೆಲಸದ ವೋಲ್ಟೇಜು ಸುಮಾರು 18. ಬಿಸಿಲಿಗೆ ಕಾದು ಸ್ವಲ್ಪ ಇಳಿದರೂ ಬ್ಯಾಟರಿಗೆ ಬೇಕಾದ 14.4ಕ್ಕಿಂತ ಮೇಲೇ ಇರುತ್ತದೆ.

ಉದಾಹರಣೆಗೆ ಬೇಲಿ ಒಂದೇ ಇದೆ ಅಂತಿಟ್ಟುಕೊಳ್ಳಿ. ಅರ್ಧ ಆಂಪಿಯರಿನಂತೆ ದಿನಕ್ಕೆ 12 ಎ.ಎಚ್. ಮೂರು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕಾದರೆ 36. ಅರ್ಧ ಮಾತ್ರ ಬಳಸುವುದರಿಂದ 72, ಅಂದರೆ 75 ಎ.ಎಚ್. ಬ್ಯಾಟರಿ. ನಷ್ಟ ಸೇರಿ ದಿನಕ್ಕೆ 14 ಎ.ಎಚ್. ತುಂಬಬೇಕು. ಮಳೆಗಾಲದ 2.5 ಗಂಟೆಯಲ್ಲಿ ಅದು ಆಗಬೇಕಾದರೆ 5.6 ಆಂಪಿಯರ್. 100 ವ್ಯಾಟಿನ 36 ಸೆಲ್ ಪ್ಯಾನೆಲ್ ಕೊಡುವುದು ಸುಮಾರು 5.5. ಇದಕ್ಕೆ 10 ಆಂಪಿಯರಿನ ಪಿಡಬ್ಲ್ಯುಎಂ ಹೊಂದುತ್ತದೆ. ಎಂಪಿಪಿಟಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

72 ಸೆಲ್ಲಿನ ಪ್ಯಾನೆಲ್ಲಿಗೂ ಪಿಡಬ್ಲ್ಯುಎಂ ಆಗುತ್ತದೆ, ಬ್ಯಾಟರಿ 24 ವೋಲ್ಟ್ ಇದ್ದರೆ. ಅದೇ 335 ವ್ಯಾಟಿನ ಪ್ಯಾನೆಲ್, 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀರೀಸ್ ಮಾಡಿ 24ಕ್ಕೆ ಕೊಟ್ಟರೆ 26 ವೋಲ್ಟಿಗೆ 9 ಆಂಪಿಯರ್, ಅಂದರೆ 234 ವ್ಯಾಟ್. ಮೊದಲಿನದಕ್ಕಿಂತ ಎರಡು ಪಟ್ಟು. ಕಂಟ್ರೋಲರ್ ಮಾತ್ರ 24 ವೋಲ್ಟಿಗೂ ಆಗುವಂಥದ್ದಿರಬೇಕು. ಸೀರೀಸ್ ಮಾಡುವ ಎರಡು ಬ್ಯಾಟರಿಗಳು ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ಹೊತ್ತಿಗೆ ಕೊಂಡವಾಗಿರಬೇಕು. ಹಳೆಯದಕ್ಕೆ ಹೊಸದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ಜೊತೆಗೆ ಕೆಡಿಸುತ್ತದೆ.

ಇನ್ನೊಂದು, 24 ವೋಲ್ಟಿನ ಜೋಡಣೆಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದು ಬೇಲಿಗೆ ಕೊಡುವವರಿದ್ದಾರೆ. ಆ ಒಂದು ಬ್ಯಾಟರಿ ಮಾತ್ರ ದಿನವೂ ಇಳಿಯುತ್ತ ಹೋಗುತ್ತದೆ, ಇನ್ನೊಂದು ಅತಿಯಾಗಿ ತುಂಬುತ್ತದೆ. 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿ.

ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ 60 ಸೆಲ್ಲಿನ, 250 ವ್ಯಾಟ್ ಆಸುಪಾಸಿನ ಪ್ಯಾನೆಲ್ ಮೇಲೆ ವಿಶೇಷ ಗಮನ ಇರಲಿ. ಅದರ ಕೆಲಸದ ವೋಲ್ಟೇಜು ಸುಮಾರು 31. ಏಪ್ರಿಲ್ ಬಿಸಿಲಲ್ಲಿ ಸೆಲ್ಲು 65 ಡಿಗ್ರಿ ಕಾದಾಗ ಅದು 27ರ ಹತ್ತಿರ ಬರುತ್ತದೆ. 24 ವೋಲ್ಟಿನ ಬ್ಯಾಟರಿ ತುಂಬಲು 28.8 ಬೇಕು. ಪಿಡಬ್ಲ್ಯುಎಂ ಇಟ್ಟರೆ 12ಕ್ಕೆ ಇದು ಹೆಚ್ಚು, 24ಕ್ಕೆ ಕಡಿಮೆ. ಇಂಥ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿದರೆ 12 ವೋಲ್ಟ್ ಬ್ಯಾಟರಿ ಮತ್ತು ಎಂಪಿಪಿಟಿ ಜೊತೆಗೇ ಬಳಸಿ.

ಪ್ಯಾನೆಲ್ ಬೆನ್ನಿನ ಚೀಟಿ ಓದಿ

ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಚೀಟಿಯೇ ಅದರ ಜಾತಕ. ಅದರಲ್ಲಿ ನಾಲ್ಕು ಅಂಕಿ ಮುಖ್ಯ. ವಿಎಂಪಿ, ಐಎಂಪಿ ಅಂದರೆ ಪೂರ್ತಿ ಶಕ್ತಿ ಕೊಡುವಾಗಿನ ವೋಲ್ಟು ಮತ್ತು ಆಂಪಿಯರ್. ವಿಒಸಿ ಅಂದರೆ ಏನೂ ಸೇರಿಸದೆ ಬಿಸಿಲಲ್ಲಿ ಇಟ್ಟಾಗಿನ ವೋಲ್ಟು. ಐಎಸ್‌ಸಿ ಅಂದರೆ ಎರಡು ವಯರ್ ಕೂಡಿಸಿದಾಗ ಹರಿಯುವ ಆಂಪಿಯರ್.

ಕಂಟ್ರೋಲರನ್ನು ಸುಡುವುದು ವಿಒಸಿ. 540 ವ್ಯಾಟಿನ ಈಗಿನ ಪ್ಯಾನೆಲ್ಲಿಗೆ ಇದು ಸುಮಾರು 49.5. ಎರಡನ್ನು ಸೀರೀಸ್ ಮಾಡಿದರೆ 99. "ಕಂಟ್ರೋಲರ್ 100 ವೋಲ್ಟಿಂದು, ಸರಿ ಹೋಯ್ತಲ್ಲ" ಅಂತ ಜೋಡಿಸಿಬಿಡುತ್ತಾರೆ. ಆದರೆ ಚೀಟಿಯ ಅಂಕಿ 25 ಡಿಗ್ರಿ ಉಷ್ಣತೆಯದ್ದು. ಪ್ಯಾನೆಲ್ ತಣ್ಣಗಿದ್ದಷ್ಟೂ ವೋಲ್ಟೇಜು ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಷ್ಟು. ಚಳಿಗಾಲದಲ್ಲಿ ಬೀದರ್, ವಿಜಯಪುರ, ಚಿಕ್ಕಮಗಳೂರು ಕಡೆ ಬೆಳಗ್ಗೆ 10 ಡಿಗ್ರಿ ಆದಾಗ ಆ 99 ವೋಲ್ಟು 103 ದಾಟುತ್ತದೆ. ಸೂರ್ಯನ ಮೊದಲ ಬೆಳಕಿಗೇ ಕಂಟ್ರೋಲರ್ ಹೋಗಬಹುದು. ಇಂಥದ್ದಕ್ಕೆ ವಾರಂಟಿ ಸಿಗುವುದು ಕಷ್ಟ.

ನನ್ನ ನಿಯಮ: ಸೀರೀಸಿನಲ್ಲಿರುವ ಪ್ಯಾನೆಲ್ಲುಗಳ ವಿಒಸಿ ಕೂಡಿಸಿ 1.15ರಿಂದ ಗುಣಿಸಿ. ಬಂದ ಉತ್ತರ ಕಂಟ್ರೋಲರಿನ ಗರಿಷ್ಠ ವೋಲ್ಟಿಗಿಂತ ಕಡಿಮೆ ಇರಬೇಕು. ಮೇಲಿನ ಉದಾಹರಣೆಗೆ 114 ಬರುತ್ತದೆ, ಅಂದರೆ 150 ವೋಲ್ಟಿನ ಕಂಟ್ರೋಲರೇ ಬೇಕು. ಪಿಡಬ್ಲ್ಯುಎಂ ಆದರೆ ಐಎಸ್‌ಸಿಯನ್ನು 1.25ರಿಂದ ಗುಣಿಸಿ ಆಂಪಿಯರ್ ನೋಡಿ. ಎಂಪಿಪಿಟಿ ಆದರೆ ಒಟ್ಟು ವ್ಯಾಟನ್ನು 13ರಿಂದ, 24 ವೋಲ್ಟಿಗಾದರೆ 26ರಿಂದ ಭಾಗಿಸಿ. 335ಕ್ಕೆ ಹೀಗೆ 26 ಬಂತು, ಆದ್ದರಿಂದಲೇ 30 ಆಂಪಿಯರಿನದು. 540 ವ್ಯಾಟಿನ ಒಂದೇ ಪ್ಯಾನೆಲ್ಲನ್ನು 12 ವೋಲ್ಟಿಗೆ ಕಟ್ಟಿದರೆ 41 ಆಂಪಿಯರ್, 24ಕ್ಕಾದರೆ 21. ಅದಕ್ಕೇ 500 ವ್ಯಾಟ್ ದಾಟಿದವರಿಗೆ ನಾನು 24 ವೋಲ್ಟನ್ನೇ ಹೇಳುವುದು.

ಬೇರೆ ಬೇರೆ ಪ್ಯಾನೆಲ್ ಸೇರಿಸುವವರಿಗೆ ಒಂದು ಮಾತು. ಸೀರೀಸ್ ಮಾಡಿದರೆ ಕಡಿಮೆ ಆಂಪಿಯರಿನದು ಎಲ್ಲವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಪ್ಯಾರಲಲ್ ಮಾಡುವುದಾದರೆ ವೋಲ್ಟು ಒಂದೇ ಇರಬೇಕು.

ಹೆಸರು ಎಂಪಿಪಿಟಿ, ಒಳಗೆ ಪಿಡಬ್ಲ್ಯುಎಂ

ಮೇಲೆ ಎಂಪಿಪಿಟಿ ಅಂತ ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟ ಅಗ್ಗದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಪತ್ತೆ ಹಚ್ಚುವುದು ಸುಲಭ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ತೆಗೆದುಕೊಳ್ಳಿ. ಬ್ಯಾಟರಿ ತುಂಬಿಲ್ಲದಾಗ, ಒಳ್ಳೆಯ ಬಿಸಿಲಲ್ಲಿ ಪ್ಯಾನೆಲ್ಲಿಂದ ಬರುವ ವಯರ್ ಮತ್ತು ಬ್ಯಾಟರಿಗೆ ಹೋಗುವ ವಯರ್ ಎರಡನ್ನೂ ಅಳೆಯಿರಿ. 72 ಸೆಲ್ಲಿನ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ ಇದ್ದರೆ ಬ್ಯಾಟರಿ ಕಡೆ ಎರಡು ಪಟ್ಟಿಗಿಂತ ಹೆಚ್ಚು ಆಂಪಿಯರ್ ಕಾಣಬೇಕು. ಎರಡೂ ಕಡೆ ಒಂದೇ ಬಂದರೆ ಅದು ಎಂಪಿಪಿಟಿ ಅಲ್ಲ, ಅಂಗಡಿಗೆ ವಾಪಸ್ ಕೊಡಿ.

ಕಂಟ್ರೋಲರಿಗೆ ಬ್ಯಾಟರಿಯ ಜಾತಿ ಹೇಳಿ

ಟ್ಯೂಬುಲರ್ ಬ್ಯಾಟರಿಗೆ ತುಂಬುವ ವೋಲ್ಟು 14.4ರ ಆಸುಪಾಸು, ತುಂಬಿದ ಮೇಲೆ 13.5ರಿಂದ 13.8. ಆಗಾಗ ಅದಕ್ಕಿಂತ ಹೆಚ್ಚಿನ ವೋಲ್ಟಿನಲ್ಲಿ ಈಕ್ವಲೈಸ್ ಮಾಡುವುದೂ ಉಂಟು. ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ ಈ ಈಕ್ವಲೈಸ್ ಕೂಡದು. ಹಳೆಯ ಕಂಟ್ರೋಲರಿಗೆ ಲಿಥಿಯಂ ಬ್ಯಾಟರಿ ತಂದು ಜೋಡಿಸುವ ಮೊದಲು ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಕಂಟ್ರೋಲರೂ ಬದಲಾಗಬೇಕು. ಟ್ಯೂಬುಲರಿಗೆ ಬ್ಯಾಟರಿ ನೀರು ಅಂದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಬಾವಿ ನೀರು ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಲೆಯ ಹತ್ತಿರ, ದೇವರ ದೀಪದ ಪಕ್ಕ ಇಡಬೇಡಿ.

ವಯರ್, ಫ್ಯೂಸ್, ನೆರಳು

ಪ್ಯಾನೆಲ್ಲಿಂದ ಕಂಟ್ರೋಲರಿಗೆ 20 ಮೀಟರ್ ಇದ್ದರೆ ಹೋಗಿ ಬರುವ ವಯರ್ 40 ಮೀಟರ್. 4 ಸ್ಕ್ವೇರ್ ಎಂಎಂ ವಯರಿನಲ್ಲಿ 9 ಆಂಪಿಯರಿಗೆ 1.8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 37 ವೋಲ್ಟಿನ ಪ್ಯಾನೆಲ್ಲಿಗೆ ಇದು ಶೇ. 5, 18 ವೋಲ್ಟಿನದಕ್ಕೆ ಶೇ. 10. ಹಾಗಾಗಿ 12 ವೋಲ್ಟಿನ ಜೋಡಣೆಗೆ ದಪ್ಪ ವಯರ್ ಬೇಕು. ಕಂಟ್ರೋಲರ್ ಮಾತ್ರ ಯಾವಾಗಲೂ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಹಾಕಿ. 30 ಆಂಪಿಯರಿನ ಕಂಟ್ರೋಲರಿಗೆ 10 ಸ್ಕ್ವೇರ್ ಎಂಎಂ ವಯರ್, 40 ಆಂಪಿಯರಿನ ಫ್ಯೂಸ್. ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಆದ್ದರಿಂದ ಮನೆಯ ಎಸಿ ಎಂಸಿಬಿ ಇಲ್ಲಿಗೆ ಬೇಡ, ಡಿಸಿಯದ್ದೇ ಬೇಕು. ಇನ್‌ವರ್ಟರನ್ನು ಕಂಟ್ರೋಲರಿನ ಲೋಡ್ ತುದಿಗೆ ಕೊಡಬೇಡಿ. ನೇರ ಬ್ಯಾಟರಿಗೆ, ಅದರದ್ದೇ ಫ್ಯೂಸ್ ಮೂಲಕ ಕೊಡಿ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಕೆಲಸ ಮಾಡುವಾಗ ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ರಾಜ್ಯಕ್ಕೆ ಸುಮಾರು 15 ಡಿಗ್ರಿ ಓರೆ ಇರಲಿ. ಒಂದು ತೆಂಗಿನ ಗರಿಯ ನೆರಳು ಬಿದ್ದರೂ ದುಡಿಮೆ ಬಹಳ ಇಳಿಯುತ್ತದೆ, ಸೆಲ್ಲುಗಳು ಸಾಲಾಗಿ ಕೂಡಿಕೊಂಡಿರುವುದರಿಂದ.

ಪಂಪಿಗೆ ಬ್ಯಾಟರಿ ಬೇಡ

"ಇದೇ ಬ್ಯಾಟರಿಗೆ ಪಂಪೂ ಓಡಿಸಬಹುದಾ?" ಅಂತ ಕೇಳುವವರಿದ್ದಾರೆ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. 4 ಗಂಟೆಗೆ ಸುಮಾರು 15,000 ವ್ಯಾಟ್-ಅವರ್. ಅರ್ಧ ಬಳಸುವ ಲೆಕ್ಕದಲ್ಲಿ 150 ಎ.ಎಚ್.ನ 16ಕ್ಕೂ ಹೆಚ್ಚು ಬ್ಯಾಟರಿ ಬೇಕು. ಸೋಲಾರ್ ಪಂಪುಗಳು ಬ್ಯಾಟರಿ ಇಲ್ಲದೆ ನೇರ ಬಿಸಿಲಲ್ಲೇ ಓಡುತ್ತವೆ. ಕರೆಂಟ್ ಕೂಡಿಡುವ ಬದಲು ತೊಟ್ಟಿಯಲ್ಲಿ ನೀರನ್ನೇ ಕೂಡಿಡಿ, ಅಗ್ಗ.

ಹಾಗೆಯೇ ಬ್ಯಾಟರಿ ಇಳಿದಿದೆ ಅಂತ ಬೇಲಿಗೆ ಮನೆಯ ಕರೆಂಟ್ ನೇರ ಕೊಡುವ ಕೆಲಸ ಎಂದಿಗೂ ಬೇಡ. ಝಟ್ಕಾ ಯಂತ್ರ ಕೊಡುವುದು ಕ್ಷಣದ ಹೊಡೆತ. ಲೈನಿನ ಕರೆಂಟ್ ಹಿಡಿದರೆ ಬಿಡುವುದಿಲ್ಲ. ಅದು ಅಪರಾಧ, ಸಾಯುವುದು ಹಂದಿ ಮಾತ್ರ ಅಲ್ಲ.

ಈ ವಾರ ಮಾಡಬೇಕಾದದ್ದು

ನಾಳೆ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು, ದೀಪ ಫ್ಯಾನ್ ಎಲ್ಲ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿಯ ವೋಲ್ಟ್ ನೋಡಿ. ಲೆಡ್-ಆಸಿಡ್ ಆದರೆ 12.7 ಪೂರ್ತಿ, 12.2 ಅರ್ಧ, 11.8 ಬಹುತೇಕ ಖಾಲಿ. ದಿನವೂ 12.2ಕ್ಕಿಂತ ಕೆಳಗಿದ್ದರೆ ಮೇಲಿನ ಲೆಕ್ಕ ಹಾಕುವ ಹೊತ್ತು ಬಂದಿದೆ. ಪ್ಯಾನೆಲ್ಲಿನ ಚೀಟಿ, ಕಂಟ್ರೋಲರ್, ಬ್ಯಾಟರಿ ಮೂರರದ್ದೂ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಹೋದಾಗ "ಎಷ್ಟು ವ್ಯಾಟಿಂದು ಇದೆ?" ಅಂತ ಕೇಳಬೇಡಿ. ಆ ಫೋಟೋ ತೋರಿಸಿ, "ನನ್ನ ಬ್ಯಾಟರಿಗೆ ಇದರಿಂದ ಎಷ್ಟು ಆಂಪಿಯರ್ ಹೋಗುತ್ತೆ?" ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.